ಮೊಣಕೈ ಸವೆಸಿದ ಕಲ್ಲು

ಆರ್ಲೀನ್ ಟ್ರಾಕ್ ಮಾರ್ಚ್ ಹನ್ನೊಂದನೆಯ ತಾರೀಕು ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಸ್ವಲ್ಪ ಮುಂಚೆ ತೀರಿಕೊಂಡಳು. ಎಪ್ಪತ್ತೊಂದು ವರ್ಷವಾಗಿತ್ತು. ಹೃದಯ ನಿಂತಿತು ಎಂದು ವೈದ್ಯರು ಬರೆದುಕೊಟ್ಟರು. ಸತ್ತದ್ದು ಅವಳದೇ ಡೈನರಿನಲ್ಲಿ, ಅಂದರೆ ಸಣ್ಣ ತಿಂಡಿ ಹೋಟೆಲಿನಲ್ಲಿ, ಕೌಂಟರಿನ ಹೊರಗಡೆ, ಗಿರಾಕಿಗಳು ಕೂರುವ ಕಡೆ. ಇಪ್ಪತ್ತೇಳು ವರ್ಷ ಅವಳು ಕೌಂಟರಿನ ಒಳಗಡೆಯೇ ನಿಂತವಳು. ಹಾಗಾಗಿ ಸುದ್ದಿ ಕೇಳಿದವರೆಲ್ಲ ಮೊದಲು ಕೇಳಿದ್ದು ಒಂದೇ ಮಾತು: "ಹೊರಗಡೆ ಏನು ಮಾಡ್ತಿದ್ದಳು?"

ವಿನಿಫ್ರೆಡ್ ಪ್ಯಾರಿಗೆ ಅದರ ಉತ್ತರ ಗೊತ್ತಿತ್ತು. ಅವಳು ಆಗ ಏಳನೆಯ ಸ್ಟೂಲಿನ ಮೇಲೆ, ಆರ್ಲೀನಳ ಪಕ್ಕದಲ್ಲೇ ಕೂತಿದ್ದಳು. ಶಾಲೆಯ ಲೈಬ್ರರಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ಯಾವ ಪ್ರಶ್ನೆಗೆ ಯಾವ ಪುಸ್ತಕ ಎಂದು ಥಟ್ಟನೆ ಹೇಳಬಲ್ಲವಳು. ಈ ಪ್ರಶ್ನೆಗೆ ಮಾತ್ರ ಥಟ್ಟನೆ ಹೇಳಲಾಗಲಿಲ್ಲ. ಹೇಳಬೇಕಾದರೆ ಒಂದು ಕಲ್ಲಿನಿಂದ ಶುರು ಮಾಡಬೇಕು.

ಅಮೆರಿಕದ ವಿಂಡ್ ರಿಜ್ ಊರಿನಲ್ಲಿ ಹಿಂದೆ ಇದ್ದದ್ದು ಎರಡೇ ಕೆಲಸ. ಗಂಡಸರಿಗೆ ಸ್ಲೇಟು ಕಲ್ಲಿನ ಗಣಿ, ಹೆಂಗಸರಿಗೆ ಬ್ಲೌಸು, ಅಂದರೆ ಕಾಲರಿರುವ ಅಂಗಿ, ಹೊಲಿಯುವ ಮಿಲ್ಲು. ಮಕ್ಕಳು ಬರೆಯುವ ಸ್ಲೇಟು, ಶಾಲೆಯ ಗೋಡೆಯ ಕರಿಹಲಗೆ, ಮನೆಯ ಮಾಡಿಗೆ ಹೊದಿಸುವ ಬಿಲ್ಲೆ, ಕೊನೆಗೆ ಸಮಾಧಿಯ ತಲೆಗಲ್ಲು, ಎಲ್ಲ ಒಂದೇ ಗುಂಡಿಯಿಂದ ಬರುತ್ತಿದ್ದವು. ಆರ್ಲೀನಳ ಅಪ್ಪ ಗಣಿಯವನು. ಅವಳು ಇಪ್ಪತ್ತಕ್ಕೆ ಮಿಲ್ಲು ಸೇರಿದಳು. ಅವಳಿಗೆ ಕೊಟ್ಟದ್ದು ಕಾಲರ್ ಕೂರಿಸುವ ಯಂತ್ರ. ಇಪ್ಪತ್ತನಾಲ್ಕು ವರ್ಷ ಕಾಲರ್ ಬಿಟ್ಟು ಬೇರೇನನ್ನೂ ಹೊಲಿಯಲಿಲ್ಲ. ಇದರಿಂದ ಆದ ಒಂದು ಪರಿಣಾಮವೆಂದರೆ ಸೊಟ್ಟಗಿರುವ ಕಾಲರ್ ಕಂಡರೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಚರ್ಚಿನಲ್ಲಿ ಮುಂದಿನ ಬೆಂಚಿನವರ ಕಾಲರ್ ಸರಿಮಾಡುವಳು. ಅಂಚೆ ಕಚೇರಿಯ ಸಾಲಿನಲ್ಲಿ ಗುರುತಿಲ್ಲದವರ ಕಾಲರ್ ಸರಿಮಾಡುವಳು. ಒಮ್ಮೆ ವೇಗ ಜಾಸ್ತಿಯಾಯಿತೆಂದು ಕಾರು ನಿಲ್ಲಿಸಿದ ಪೊಲೀಸನ ಕಾಲರನ್ನೂ ಕಿಟಕಿಯಿಂದ ಕೈ ಚಾಚಿ ಸರಿಮಾಡಿದ್ದಳು. ಅವನು ಥ್ಯಾಂಕ್ಸ್ ಹೇಳಿ, ದಂಡದ ಚೀಟಿಯನ್ನೂ ಬರೆದುಕೊಟ್ಟ.

ಮಿಲ್ಲಿನ ಸೈರನ್ ಏಳಕ್ಕೆ. ಅದಕ್ಕೆ ಮುಂಚೆ ಆರು ಗಂಟೆಗೆ ಹೆಂಗಸರು ಕ್ವಾರಿ ಡೈನರಿನಲ್ಲಿ ತಿಂಡಿ ತಿನ್ನುತ್ತಿದ್ದರು. ಬಾಗಿಲಿನಿಂದ ಎಣಿಸಿದರೆ ಆರನೆಯ ಸ್ಟೂಲು ಆರ್ಲೀನಳದು, ಏಳನೆಯದು ಶಾಲೆಗೆ ಹೋಗುವ ಮುಂಚೆ ಬರುತ್ತಿದ್ದ ವಿನಿಫ್ರೆಡಳದು. ಯಾರೂ ಹಂಚಿಕೊಟ್ಟದ್ದಲ್ಲ. ಇಬ್ಬರ ಸ್ನೇಹ ಹುಟ್ಟಿದ್ದೂ ಹಾಗೆಯೇ, ಪಕ್ಕಪಕ್ಕ ಕೂತು.

ಡೈನರಿನ ಯಜಮಾನ ಅಮೆಡಿಯೋ ಫಾಲ್ಕೋನೆ. ಸಾವಿರದ ಒಂಬೈನೂರ ಐವತ್ತೆರಡರಲ್ಲಿ ನ್ಯೂಜೆರ್ಸಿಯ ಕಾರ್ಖಾನೆಯಿಂದ ಅದನ್ನು ಲಾರಿಯ ಮೇಲೆ ತರಿಸಿದ್ದ. ರೈಲುಡಬ್ಬಿಯ ಹಾಗೆ ಉದ್ದಕ್ಕಿದ್ದ ಅದು ಕಾವಲಿ, ಸ್ಟೂಲು, ಕೌಂಟರುಗಳ ಸಮೇತ ಬಂದಿಳಿದಿತ್ತು. ಎಪ್ಪತ್ತರ ದಶಕದಲ್ಲಿ ಹೊಳೆಯುವ ತಗಡಿನ ಡೈನರು ಎಂದರೆ ಹಳೇ ಕಾಲದ್ದು ಎಂದು ಜನ ಮೂಗು ಮುರಿಯತೊಡಗಿದಾಗ ಅಮೆಡಿಯೋ ಸುತ್ತಲೂ ಇಟ್ಟಿಗೆ ಕಟ್ಟಿಸಿ, ಮೇಲೆ ಮನೆಯಂಥ ಮಾಡು ಇಳಿಸಿ ಮುಚ್ಚಿಬಿಟ್ಟ. ಹೊರಗಿನಿಂದ ನೋಡಿದರೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಂತಿತ್ತು.

ಎಂಬತ್ತೇಳರ ಚಳಿಗಾಲದಲ್ಲಿ ಮಿಲ್ಲು ಮುಚ್ಚಿತು. ಅದೇ ತಿಂಗಳು ಅಮೆಡಿಯೋ ಕೌಂಟರಿನ ಹಿಂದಿನಿಂದ ಹೇಳಿದ: "ಕೇಳ್ರಪ್ಪಾ. ನನ್ನ ಮೊಣಕಾಲು ಎರಡೂ ರಾಜೀನಾಮೆ ಕೊಟ್ಟಿವೆ. ಡೈನರು ಮಾರ್ತಿದ್ದೀನಿ."

"ಯಾರಿಗೆ?" ಎಂದು ಕೇಳಿದ್ದು ಎಲ್ಮರ್ ಡ್ಯಾನರ್. ಗಣಿಯಲ್ಲಿ ಕಲ್ಲು ಸೀಳುವವನು, ಮೊದಲನೆಯ ಸ್ಟೂಲಿನವನು. ಎಡಗೈಯ ಒಂದು ಬೆರಳಿಗೆ ತುದಿ ಇರಲಿಲ್ಲ. ನಾಲಿಗೆಗೆ ಮಾತ್ರ ಎರಡು ತುದಿ.

"ಫಿಲಡೆಲ್ಫಿಯಾದವನೊಬ್ಬ. ಎತ್ತಿಕೊಂಡು ಹೋಗ್ತಾನಂತೆ."

"ಎತ್ತಿಕೊಂಡಾ?"

"ಲಾರಿಲಿ ಬಂದದ್ದು ಲಾರಿಲಿ ಹೋಗುತ್ತಪ್ಪ. ಅದಕ್ಕೇನು ಬೇರು ಬಿಟ್ಟಿದೆಯಾ?"

ಆರ್ಲೀನ್ ಟೋಸ್ಟು ಕಚ್ಚುತ್ತಿದ್ದವಳು ಅಲ್ಲಿಗೇ ನಿಲ್ಲಿಸಿದಳು. ಗಂಡ ಕರ್ಟಿಸ್ ತೀರಿಕೊಂಡು ಮೂರು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಈಗ ಮಿಲ್ಲೂ ಇಲ್ಲ. ನಾಳೆಯಿಂದ ಬೆಳಿಗ್ಗೆ ಎದ್ದು ಆರಕ್ಕೆ ಎಲ್ಲಿಗೆ ಹೋಗುವುದು ಎಂಬುದೊಂದೇ ಆಗ ತನ್ನ ತಲೆಯಲ್ಲಿತ್ತು ಎಂದು ಅವಳು ಆಮೇಲೆ ವಿನಿಫ್ರೆಡಳಿಗೆ ಹೇಳಿದ್ದಳು.

"ನಾನು ತಗೋತೀನಿ," ಎಂದಳು.

"ಟೋಸ್ಟಾ?" ಎಂದ ಎಲ್ಮರ್.

"ಡೈನರು."

ಇಡೀ ಕೌಂಟರು ನಕ್ಕಿತು. ಅಮೆಡಿಯೋ ನಗಲಿಲ್ಲ. "ಮೊಟ್ಟೆ ಒಡೆಯೋಕೆ ಬರುತ್ತಾ ತಾಯಿ?" ಎಂದ.

"ಕಾಲರ್ ಕೂರಿಸೋಕೂ ಮೊದಲು ಬರ್ತಿರಲಿಲ್ಲ."

ವಾರದೊಳಗೆ ಕಾಗದ ಪತ್ರ ಆಯಿತು. ಅಮೆಡಿಯೋ ಎರಡು ವಾರ ಜೊತೆಗೆ ನಿಂತು ಕಲಿಸಿಕೊಟ್ಟ. ಮೊದಲ ಭಾನುವಾರ ಅವನು ಚರ್ಚಿಗೆ ಹೋಗಿದ್ದಾಗ ಆರ್ಲೀನ್ ಹುರುಪಿನಿಂದ ಸೋಪು, ಉಕ್ಕಿನ ನಾರು ಹಿಡಿದು ಕಪ್ಪಗಿದ್ದ ದೊಡ್ಡ ಕಾವಲಿಯನ್ನು ಬೆಳ್ಳಿಯ ಹಾಗೆ ಉಜ್ಜಿಟ್ಟಳು. ಅಮೆಡಿಯೋ ಬಂದವನು ಕೋಟು ತೆಗೆಯುವುದನ್ನೇ ಮರೆತು ನಿಂತ.

"ಅಯ್ಯೋ ಮಗಳೇ! ಮೂವತ್ತೈದು ವರ್ಷದ ರುಚಿನೆಲ್ಲ ಚರಂಡಿಗೆ ಬಿಟ್ಟೆಯಲ್ಲೇ!"

ಅಂದು ಒಡೆದ ಮೊಟ್ಟೆಗಳೆಲ್ಲ ಕಾವಲಿಗೆ ಅಂಟಿಕೊಂಡವು. ಅದು ಮತ್ತೆ ಪಳಗಲು ಮೂರು ತಿಂಗಳು ಬೇಕಾಯಿತು. ಅಷ್ಟು ದಿನವೂ ಎಲ್ಮರ್ ಒಳಗೆ ಬರುತ್ತಲೇ, "ಯಜಮಾನತೀ, ಇವತ್ತು ಮೊಟ್ಟೆ ತಟ್ಟೆಲಿ ಸಿಗುತ್ತಾ ಅಥವಾ ಕಾವಲಿನೇ ನೆಕ್ಕಬೇಕಾ?" ಎಂದು ಕೇಳುತ್ತಿದ್ದ. ಆರ್ಲೀನ್ ಅವನ ಕಾಲರ್ ಸರಿಮಾಡುವ ನೆಪದಲ್ಲಿ ಸ್ವಲ್ಪ ಜೋರಾಗಿಯೇ ಎಳೆಯುತ್ತಿದ್ದಳು.

ಅವಳು ಕಲಿತಳು. ಮಿಲ್ಲಿನ ಗೆಳತಿ ಬರ್ನಡೆಟ್ಟಳನ್ನು ಅಡುಗೆಗೆ ಕರೆದುಕೊಂಡಳು. ಯಾರಿಗೆ ಏನು ಎಂದು ಒಂದು ದಿನವೂ ಚೀಟಿ ಬರೆಯಲಿಲ್ಲ. ಗಿರಾಕಿ ರಸ್ತೆ ದಾಟುವುದು ಕಿಟಕಿಯಲ್ಲಿ ಕಂಡ ಕೂಡಲೇ ಕಾವಲಿಯ ಮೇಲೆ ಅವನ ಪಾಲಿನ ಸ್ಕ್ರ್ಯಾಪಲ್ ಬೀಳುತ್ತಿತ್ತು. ಹಂದಿಮಾಂಸವನ್ನು ಜೋಳದ ಹಿಟ್ಟಿನಲ್ಲಿ ಬೇಯಿಸಿ ಇಟ್ಟಿಗೆಯಾಗಿ ಕಟ್ಟಿ, ಹೋಳು ಮಾಡಿ ಗರಿಗರಿಯಾಗಿ ಕಾಯಿಸಿದ ಅದು ಇಲ್ಲದಿದ್ದರೆ ಗಣಿಯವರಿಗೆ ಬೆಳಗಾಗುತ್ತಿರಲಿಲ್ಲ. ಕಾಗದದ ಕರವಸ್ತ್ರಗಳನ್ನು ಅವಳು ಕಾಲರಿನ ಹಾಗೆ ಚೂಪಾಗಿ ಮಡಚಿಡುತ್ತಿದ್ದಳು. ಹೀಗೆ ಹನ್ನೆರಡು ವರ್ಷ ಸುಖವಾಗಿ ನಡೆಯಿತು.

ತೊಂಬತ್ತೊಂಬತ್ತರ ಫೆಬ್ರವರಿಯಲ್ಲಿ ಡೇಲ್ ಎಂಬಾತ ಬಂದ. ಹಳೆಯ ಡೈನರುಗಳನ್ನು ಹುಡುಕಿಕೊಂಡು ಊರೂರು ತಿರುಗುವ ಸಂಘವೊಂದರವನು. ಕಾಫಿಗೆ ಹೇಳಿ ಕುಡಿಯದೆ ಎದ್ದು ಹೊರಗೆ ಹೋಗಿ, ಇಟ್ಟಿಗೆಗೋಡೆಗೆ ಕಿವಿಯಿಟ್ಟು ತಟ್ಟಿ ನೋಡಿ ಓಡಿಬಂದ.

"ಮೇಡಂ, ಒಳಗೆ ಏನಿದೆ ಗೊತ್ತಾ ನಿಮಗೆ? ಮಾಡಿನ ಸಂದಿಲಿ ನೋಡಿದೆ. ಕೆನೆ ಬಣ್ಣದ ಎನಾಮಲ್, ಮೇಲೆ ಕೆಂಪು ಪಟ್ಟೆ! ಇಂಥದ್ದು ದೇಶದಲ್ಲಿ ಬೆರಳೆಣಿಕೆಯಷ್ಟೂ ಉಳಿದಿಲ್ಲ."

ಏಪ್ರಿಲಿನಲ್ಲಿ ಇಟ್ಟಿಗೆ ಕಳಚಿದರು. ಊರಿನ ಅರ್ಧ ಜನ ಎದುರಿನ ಪಾದಚಾರಿ ಹಾದಿಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತು ನೋಡಿದರು. ಒಂದೊಂದು ಸಾಲು ಬಿದ್ದಂತೆ ಒಳಗಿನಿಂದ ಕೆನೆಬಣ್ಣ ಹೊರಬಂತು, ಆಮೇಲೆ ಕೆಂಪು ಅಕ್ಷರ. ಆರ್ಲೀನ್ ಒದ್ದೆ ಬಟ್ಟೆಯಿಂದ ಒಂದು ಕಡೆ ಒರೆಸಿದಳು. ಸಂಜೆಯ ಬೆಳಕು ಅದರಲ್ಲಿ ಹೊಳೆಯಿತು. ಅವಳು ಅತ್ತದ್ದನ್ನು ವಿನಿಫ್ರೆಡ್ ನೋಡಿದ್ದು ಅದು ಎರಡನೆಯ ಸಲ. ಮೊದಲನೆಯದು ಕರ್ಟಿಸ್ ಸತ್ತಾಗ.

ಅಲ್ಲಿಗೆ ನಿಲ್ಲಿಸಿದ್ದರೆ ಸರಿಯಾಗುತ್ತಿತ್ತು. ಆದರೆ ಆರ್ಲೀನಳಿಗೆ ಗೀಳು ಹತ್ತಿತು. ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೇ ಆಗಬೇಕು, ಒಂದು ತಿರುಪೂ ಬೇರೆಯದಿರಬಾರದು. "ಅದು ಹೆಂಗಿತ್ತು ಅಂತ ಎಲ್ಲಾದ್ರೂ ಹುಡುಕಿಕೊಡೇ ವಿನ್ನಿ, ನೀನು ಓದಿದವಳು," ಎಂದಳು. ವಿನಿಫ್ರೆಡ್ ಎರಡು ತಿಂಗಳು ಪತ್ರ ಬರೆದು, ನ್ಯೂಜೆರ್ಸಿಯ ಒಂದು ಸಂಗ್ರಹದಿಂದ ಕಾರ್ಖಾನೆಯ ಹಳೆಯ ಫೋಟೋ ತರಿಸಿಕೊಟ್ಟಳು. ಇದೇ ಡೈನರು, ಒಳಗಿನ ನೋಟ. ಅಂಚೆಯಲ್ಲಿ ಬಂದ ದಿನ ಇಬ್ಬರೂ ಭೂತಗನ್ನಡಿ ಹಿಡಿದು ನೋಡಿದರು. ತಾನು ಗೆಳತಿಗೆ ಕೊಟ್ಟ ಉಡುಗೊರೆಗಳಲ್ಲೆಲ್ಲ ಅದೇ ದೊಡ್ಡದು ಎಂದು ವಿನಿಫ್ರೆಡ್ ಆಗ ಹಿಗ್ಗಿದ್ದಳು.

ಫೋಟೋದಲ್ಲಿ ಕೌಂಟರು ನಸುಗುಲಾಬಿ ಫಾರ್ಮೈಕಾದ್ದು, ಪ್ಲಾಸ್ಟಿಕ್ಕಿನಂಥ ನುಣುಪು ಹಾಳೆ ಹೊದಿಸಿದ್ದು. ಡೈನರಿನಲ್ಲಿ ಇದ್ದದ್ದು ಕಪ್ಪು ಸ್ಲೇಟು ಕಲ್ಲಿನದು.

ಆ ಕಲ್ಲು ಅಲ್ಲಿಗೆ ಹೇಗೆ ಬಂತೆಂದು ಅವರಿಬ್ಬರೂ ಯೋಚಿಸಲಿಲ್ಲ. ಸ್ಲೇಟಿನ ಊರಿನಲ್ಲಿ ಮೆಟ್ಟಿಲೂ ಸ್ಲೇಟು, ಬಚ್ಚಲೂ ಸ್ಲೇಟು. ಯಾರು ಲೆಕ್ಕಕ್ಕಿಡುತ್ತಾರೆ? ನಾಲ್ಕು ಚಪ್ಪಡಿಗಳನ್ನು ಉದ್ದಕ್ಕೆ ಕೂಡಿಸಿದ್ದರು. ಪ್ರತಿ ಸ್ಟೂಲಿನ ಎದುರಿಗೂ ಮೊಣಕೈ ಊರುವ ಕಡೆ ಎರಡು ನುಣುಪು ತಗ್ಗು, ಮಧ್ಯೆ ಕಾಫಿಯ ಕಪ್ ಇಟ್ಟು ಇಟ್ಟು ಆದ ಬಳೆಯಗಲದ ಇನ್ನೊಂದು ತಗ್ಗು. ಮೆತ್ತನೆಯ ಕಲ್ಲು, ಸವೆದಿತ್ತು. ಆರ್ಲೀನಳ ಕಣ್ಣಿಗೆ ಅದು ಬರೀ ಸವೆತವಾಗಿ ಕಂಡಿತು.

ಓಹಾಯೋದ ಒಂದು ಹಳೇ ಅಂಗಡಿಯಲ್ಲಿ ಅದೇ ಗುಲಾಬಿ ಫಾರ್ಮೈಕಾದ ಸುರುಳಿ ಹೇಗೋ ಸಿಕ್ಕಿತು. ಒಂಬತ್ತು ದಿನ ಡೈನರು ಮುಚ್ಚಿದರು. ಕಲ್ಲು ಸಾಗಿಸಲು ಎಲ್ಮರ್ ತನ್ನ ಟ್ರಕ್ಕು ತಂದ. ಎರಡನೆಯ ಚಪ್ಪಡಿಯನ್ನು ಎಬ್ಬಿಸುವಾಗ ಅದು ಲಟ್ಟೆಂದು ಒಡೆದು, ಆರನೆಯ ಸ್ಟೂಲಿನ ಎದುರಿನ ಭಾಗ ಚೂರುಚೂರಾಯಿತು.

"ಹೋಗ್ಲಿ ಬಿಡು, ಅದು ನನ್ನದೇ ಜಾಗ," ಎಂದು ಆರ್ಲೀನ್ ನಕ್ಕಳು.

ಎಲ್ಮರ್ ಮಿಕ್ಕದ್ದರ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ. "ಇದನ್ನೇನು ಮಾಡಲಿ?"

"ಗಣಿಯ ಗುಂಡಿಗೆ ಹಾಕಪ್ಪ. ಅಲ್ಲಿಂದಲೇ ಬಂದದ್ದಲ್ವಾ?"

ಎಲ್ಮರ್ ಚಪ್ಪಡಿಗಳ ಮಧ್ಯೆ ಹಳೇ ಕಂಬಳಿ ಇಟ್ಟು, ಹಗ್ಗ ಬಿಗಿದು ಹೊರಟುಹೋದ. ಗುಂಡಿಗೆ ಎಸೆಯುವ ಕಲ್ಲಿಗೆ ಕಂಬಳಿ ಯಾಕೆ ಎಂದು ವಿನಿಫ್ರೆಡಳಿಗೆ ಒಂದು ಗಳಿಗೆ ಅನ್ನಿಸಿತು. ಕೇಳಲಿಲ್ಲ.

ಮತ್ತೆ ತೆರೆದ ದಿನ ಡೇಲನ ಸಂಘದವರು ಮೂವತ್ತು ಜನ ಬಂದು ಸಾವಿರ ಫೋಟೋ ತೆಗೆದರು. ಪತ್ರಿಕೆಯಲ್ಲಿ ಬಂತು. ಮಾರನೆಯ ಬೆಳಿಗ್ಗೆ ಊರಿನವರು ಬಂದರು.

"ಚೆನ್ನಾಗಿದೆ," ಎಂದ ಎಲ್ಮರ್, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು.

"ಕೈ ಮೇಲಿಡೋ, ಕಚ್ಚಲ್ಲ."

"ಬೇಡಮ್ಮ. ಬೀಗರ ಮನೆಗೆ ಮೊದಲನೇ ಸಲ ಬಂದಂಗಿದೆ."

ಎಲ್ಲರೂ ಹಾಗೆಯೇ ಕೂತಿದ್ದರು, ಬೆನ್ನು ನೆಟ್ಟಗೆ, ಕೈ ಮಡಿಲಲ್ಲಿ. ಕಪ್ ಇಟ್ಟರೆ ಜಾರುತ್ತಿತ್ತು. ಪತ್ರಿಕೆ ಹರಡಿದರೆ ಮಸಿ ಅಂಟೀತೆಂದು ಭಯ. ಮಾತು ಕಡಿಮೆಯಾಯಿತು. ಆಮೇಲೆ ಜನ ಕಡಿಮೆಯಾದರು. ಹೆದ್ದಾರಿಯ ಪೆಟ್ರೋಲು ಬಂಕಿನಲ್ಲಿ ಕಾಗದದ ಲೋಟದಲ್ಲಿ ಕಾಫಿ ತೆಗೆದುಕೊಂಡು ತಂತಮ್ಮ ಟ್ರಕ್ಕುಗಳಿಗೆ ಒರಗಿ ನಿಂತು ಕುಡಿಯುತ್ತಾರೆ ಎಂದು ಬರ್ನಡೆಟ್ ಸುದ್ದಿ ತಂದಳು. ಆಗಸ್ಟು ಮುಗಿಯುವ ಹೊತ್ತಿಗೆ ಎಲ್ಮರನೂ ಬರುವುದನ್ನು ನಿಲ್ಲಿಸಿದ. ಶನಿವಾರ ಭಾನುವಾರ ಕ್ಯಾಮೆರಾದವರು ಬರುತ್ತಿದ್ದರು. ಮಿಕ್ಕ ಐದು ದಿನ ಹದಿನೈದು ಸ್ಟೂಲಿನಲ್ಲಿ ನಾಲ್ಕು ತುಂಬಿದರೆ ಹೆಚ್ಚು.

ಆರ್ಲೀನ್ ಕಾಫಿಪುಡಿ ಬದಲಾಯಿಸಿದಳು. ಸ್ಕ್ರ್ಯಾಪಲ್ ಕಟ್ಟುವ ಕಸಾಯಿಯನ್ನು ಬದಲಾಯಿಸಿದಳು. ಬರ್ನಡೆಟ್ಟಳ ಜೊತೆ ಜಗಳವಾಡಿದಳು.

ಅಕ್ಟೋಬರಿನಲ್ಲಿ ಡೇಲ್ ಮತ್ತೆ ಬಂದ. ಪಶ್ಚಿಮದ ಒಂದು ಶಹರಿನಲ್ಲಿ ಹಳೆಯ ಅಮೆರಿಕದ ಬೀದಿಯೊಂದನ್ನು ಕಟ್ಟುತ್ತಿದ್ದಾರೆ, ಅಲ್ಲಿಗೆ ಇಂಥದ್ದೇ ಬೇಕಂತೆ, ಕೇಳಿದಷ್ಟು ಕೊಡುತ್ತಾರಂತೆ. "ಈಗ ಇದು ಎಲ್ಲಿಗೆ ಬೇಕಾದರೂ ಹೋಗುವಂತಿದೆ ಮೇಡಂ," ಎಂದ. ಅವನು ಹೊಗಳಿಕೆಯಾಗಿಯೇ ಹೇಳಿದ್ದು.

ಅವನು ಹೋದ ಮೇಲೆ ಆರ್ಲೀನ್ ಕಾವಲಿಯ ಒಲೆ ಆರಿಸಿದಳು. ಎಂಬತ್ತೇಳರಲ್ಲಿ ಇದು ಹೋಗಬಾರದು ಎಂದು ಹಿಡಿದು ನಿಲ್ಲಿಸಿದವಳು. ಈಗ ತಾನೇ ಕೈಯಾರೆ ಅದನ್ನು ಲಾರಿಗೆ ಸಿದ್ಧಮಾಡಿ ಇಟ್ಟಿದ್ದಳು.

"ಚಳಿಗಾಲ ಹೀಗೇ ಹೋದ್ರೆ ಕೊಟ್ಟುಬಿಡಬೇಕಾಗುತ್ತೆ ವಿನ್ನಿ," ಎಂದಳು. "ನನಗೆ ಏನು ತಪ್ಪಾಯ್ತು ಅಂತನೇ ತಿಳೀತಿಲ್ಲ ಕಣೇ."

ವಿನಿಫ್ರೆಡಳಿಗೂ ತಿಳಿಯಲಿಲ್ಲ. ತಿಳಿದವನು ಬಂದದ್ದು ಮುಂದಿನ ವಾರ.

ಅಮೆಡಿಯೋಗೆ ಆಗ ಎಂಬತ್ತೆರಡು. ಮಗಳ ಮನೆಯಲ್ಲಿದ್ದ. ಕಣ್ಣು ಬಹುತೇಕ ಹೋಗಿತ್ತು. ಇಟ್ಟಿಗೆ ತೆಗೆದ ಸುದ್ದಿ ಕೇಳಿ, "ನನಗೆ ಕಾಣಲ್ಲ, ಆದ್ರೂ ಕರಕೊಂಡು ಹೋಗು," ಎಂದು ಮಗಳನ್ನು ಪೀಡಿಸಿ ಬಂದಿದ್ದ. ಹೊರಗೆ ಎನಾಮಲಿನ ಮೇಲೆ ಕೆನ್ನೆಯಿಟ್ಟು, "ತಣ್ಣಗಿದೆ, ಅವತ್ತಿನ ಹಾಗೇ," ಎಂದು ನಕ್ಕ. ಒಳಗೆ ಬಂದು, ಯಾರ ಕೈಯನ್ನೂ ಹಿಡಿಯದೆ ಕೌಂಟರಿನ ಒಳಗಡೆಗೆ ಹೋದ. ಮೂವತ್ತೈದು ವರ್ಷ ಬೆಳಗಿನ ಮೊದಲ ಕೆಲಸವಾಗಿ ಅವನು ಮಾಡುತ್ತಿದ್ದದ್ದನ್ನೇ ಮಾಡಿದ. ಬಾಗಿಲಿನ ಕಡೆಯಿಂದ ಶುರುಮಾಡಿ, ಕೌಂಟರಿನ ಉದ್ದಕ್ಕೂ ಅಂಗೈ ಎಳೆಯುತ್ತ ನಡೆದ. ಆರ್ಲೀನ್ ಹೆಮ್ಮೆಯಿಂದ ನೋಡುತ್ತಿದ್ದಳು. ಅವನ ಕೈ ಮೂರನೆಯ ಸ್ಟೂಲಿನ ಹತ್ತಿರ ನಿಧಾನವಾಯಿತು. ಆರರ ಹತ್ತಿರ ನಿಂತಿತು. ಮುಂದಕ್ಕೆ ಹೋಯಿತು, ಹಿಂದಕ್ಕೆ ಬಂತು, ಮೊಟ್ಟೆಯ ಮೈಯಂಥ ನುಣುಪಿನ ಮೇಲೆ ಏನನ್ನೋ ಹುಡುಕುತ್ತ ಕೊನೆಯವರೆಗೂ ಹೋಯಿತು.

"ಎಲ್ಲಿ ಎಲ್ಲರೂ?" ಎಂದ.

"ಈಗ ಹತ್ತೂವರೆ. ಬೆಳಗಿನವರು ಹೋದ್ರು," ಎಂದಳು ಆರ್ಲೀನ್, ಸುಳ್ಳನ್ನೂ ಸೇರಿಸಿ.

"ಅದಲ್ಲಮ್ಮ." ಅಮೆಡಿಯೋ ಮತ್ತೆ ಅಂಗೈ ಎಳೆದ. "ಎಲ್ಮರ್ ಇಲ್ಲಿದ್ದ, ಎಡಗೈ ತಗ್ಗು ಜಾಸ್ತಿ, ಪೇಪರ್ ಓದೋವಾಗ ಅದರ ಮೇಲೇ ಭಾರ ಬಿಡ್ತಿದ್ದ. ಇಲ್ಲಿ ನಿಮ್ಮಪ್ಪ ಇದ್ದ. ಸತ್ತು ಎಷ್ಟೋ ವರ್ಷ ಆಗಿತ್ತು, ಆದ್ರೂ ಇದ್ದ. ಇಲ್ಲಿ ನೀನಿದ್ದೆ. ಯಾರೂ ಇಲ್ಲ ಇಲ್ಲಿ. ಯಾರನ್ನೂ ಬಿಟ್ಟಿಲ್ಲ ನೀನು."

ಆಮೇಲೆ ಸ್ಟೂಲಿನ ಮೇಲೆ ಕೂತು ಕಲ್ಲಿನ ಕಥೆ ಹೇಳಿದ. ಐವತ್ತೆರಡರಲ್ಲಿ ಲಾರಿ ಬೆಟ್ಟ ಹತ್ತುವಾಗ ಕಾರ್ಖಾನೆಯ ಗುಲಾಬಿ ಕೌಂಟರು ನಡುವೆಯೇ ಸೀಳಿಹೋಗಿತ್ತು. ಹೊಸದನ್ನು ತರಿಸುವ ತಾಕತ್ತು ಅವನಿಗಿರಲಿಲ್ಲ. ಗಣಿಯವರು ಒಂದು ಭಾನುವಾರ ಪ್ರಾರ್ಥನೆ ಮುಗಿಸಿ, ಚರ್ಚಿನ ಬಟ್ಟೆಯಲ್ಲೇ ನಾಲ್ಕು ಚಪ್ಪಡಿ ಹೊತ್ತು ತಂದರು. ಒಂದನ್ನು ಆರ್ಲೀನಳ ಅಪ್ಪ ಸೀಳಿದ್ದು, ಒಂದನ್ನು ಎಲ್ಮರ್. ಅದು ಎಲ್ಮರ್ ಒಡೆಯದೆ ಸೀಳಿದ ಮೊಟ್ಟಮೊದಲ ದೊಡ್ಡ ಕಲ್ಲು. ಫಾರ್ಮೈಕಾದ ಆ ಕೌಂಟರಿನ ಮೇಲೆ ವಿಂಡ್ ರಿಜ್‌ನಲ್ಲಿ ಒಂದು ಕಪ್ ಕಾಫಿಯನ್ನೂ ಯಾರೂ ಕುಡಿದಿರಲಿಲ್ಲ.

"ನನಗೆ ಯಾರೂ ಹೇಳಲಿಲ್ಲ," ಎಂದಳು ಆರ್ಲೀನ್.

"ಎಲ್ಲರಿಗೂ ಗೊತ್ತಿದ್ದದ್ದನ್ನ ಯಾರು ಹೇಳ್ತಾರಮ್ಮ?"

ಅವನು ಹೋದ ಮೇಲೆ ವಿನಿಫ್ರೆಡ್ ಗೋಡೆಯ ಮೇಲೆ ಚೌಕಟ್ಟು ಹಾಕಿದ್ದ ಆ ಫೋಟೋವನ್ನು ನೋಡಿದಳು. ಭೂತಗನ್ನಡಿಯಲ್ಲಿ ತಿರುಪುಗಳನ್ನೆಲ್ಲ ಎಣಿಸಿದ್ದರು. ಹದಿನೈದು ಸ್ಟೂಲುಗಳಲ್ಲಿ ಒಂದರ ಮೇಲೂ ಮನುಷ್ಯರಿಲ್ಲ ಎಂಬುದನ್ನು ಅವಳು ಗಮನಿಸಿದ್ದು ಈಗ. ಅದನ್ನು ತರಿಸಿಕೊಟ್ಟವಳು ತಾನೇ. ಇಷ್ಟು ವರ್ಷದ ಮೇಲೂ ಆ ಮಾತು ಅವಳಿಗೆ ಚುಚ್ಚುತ್ತದೆ.

"ಕಾವಲಿ ಉಜ್ಜಿದ ಕೈ ಕಣೇ ಇದು," ಎಂದಳು ಆರ್ಲೀನ್ ತನ್ನ ಅಂಗೈ ನೋಡಿಕೊಳ್ಳುತ್ತ. "ಕಾರು ತೆಗಿ. ಗಣಿಗೆ ಹೋಗೋಣ."

ಕೆಲಸ ನಿಂತು ವರ್ಷಗಳಾಗಿದ್ದ ಗಣಿಯ ಗುಂಡಿಯಲ್ಲಿ ಇನ್ನೂರು ಅಡಿ ನೀರು ನಿಂತಿತ್ತು. ಅಂಚಿನಲ್ಲಿ ನಿಂತು ಇಬ್ಬರೂ ಕೆಳಗೆ ನೋಡಿದರು. ಒಳಗೆ ಏನು ಬಿದ್ದಿದ್ದರೂ ಬಿದ್ದಂತೆಯೇ. ಆಗ ವಿನಿಫ್ರೆಡಳಿಗೆ ಕಂಬಳಿ ನೆನಪಾಯಿತು.

ಎಲ್ಮರ್ ತನ್ನ ಕೊಟ್ಟಿಗೆಯಲ್ಲಿ ಹುಲ್ಲು ಕತ್ತರಿಸುವ ಯಂತ್ರದ ಬ್ಲೇಡು ಮಸೆಯುತ್ತಿದ್ದ. ತಲೆ ಎತ್ತಲಿಲ್ಲ.

"ಏನು, ಪತ್ರಿಕೇಲಿ ಫೋಟೋ ಬಂದೋರು ಬಡವರ ಮನೆಗೆ?"

"ಎಲ್ಮರ್, ಆ ಕಲ್ಲು ಎಲ್ಲಿ?"

"ಯಾವ ಕಲ್ಲು?"

"ಆಟ ಆಡ್ಬೇಡ."

"ಗುಂಡಿಗೆ ಹಾಕು ಅಂದೆಯಲ್ಲ. ಅಲ್ಲಿಂದಲೇ ಬಂದದ್ದು ಅಂದೆ."

"ಅಂದೆ. ನನ್ನ ನಾಲಿಗೆ ಸುಡ್ಲಿ. ಹಾಕಿದ್ಯಾ?"

ಎಲ್ಮರ್ ಬ್ಲೇಡನ್ನು ಬೆರಳಲ್ಲಿ ಪರೀಕ್ಷಿಸಿದ. "ಆ ಕಲ್ಲು ಸೀಳಿದ ದಿನ ನಿಮ್ಮಪ್ಪ ನನ್ನ ಬೆನ್ನು ತಟ್ಟಿದ್ದ. ಅದಕ್ಕೆ ಮುಂಚೆ ಎಂಟು ಕಲ್ಲು ಒಡೆದಿದ್ದೆ. ಎಂಟಕ್ಕೂ ಬೈಸ್ಕೊಂಡಿದ್ದೆ. ನಲವತ್ತೇಳು ವರ್ಷ ಅದರ ಮೇಲೆ ಮೊಣಕೈ ಇಟ್ಟು ಕೂತೆ. ನೀನು ಒಂದು ಮಾತು ಕೇಳಲಿಲ್ಲ."

"ನೀನೂ ಹೇಳಲಿಲ್ಲ."

"ನಾನ್ಯಾಕೆ ಹೇಳಲಿ? ಡೈನರು ನಿಂದು."

ಆರ್ಲೀನ್ ಅವನ ಎದುರಿಗಿದ್ದ ಮರದ ಪೆಟ್ಟಿಗೆಯ ಮೇಲೆ ಕೂತಳು. "ನಂದಲ್ಲ," ಎಂದಳು. "ನಾನು ಮೊಟ್ಟೆ ಒಡೆಯೋಳು ಅಷ್ಟೇ. ತಪ್ಪಾಯ್ತು ಎಲ್ಮರ್. ಕಲ್ಲು ಇದ್ರೆ ಕೊಡು. ಇಲ್ದಿದ್ರೆ ಇಲ್ಲ ಅನ್ನು, ಡೇಲ್‌ಗೆ ಫೋನ್ ಮಾಡಿ ಲಾರಿ ತರಿಸ್ತೀನಿ."

ಎಲ್ಮರ್ ಎದ್ದು, ಕೊಟ್ಟಿಗೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದ ಯಾವುದರ ಮೇಲಿನಿಂದಲೋ ಕಂಬಳಿ ಎಳೆದ.

"ನಾಲ್ಕು ತಿಂಗಳು ಬೇಕಾಯ್ತು ನಿನಗೆ," ಎಂದ. "ಚಳಿಗೆ ಮುಂಚೆ ಬರ್ತೀಯ ಅಂತ ಹೆಂಡತಿ ಹತ್ರ ಪಂದ್ಯ ಕಟ್ಟಿದ್ದೆ. ಗೆದ್ದೆ."

ಆರ್ಲೀನ್ ಎದ್ದು ಹೋಗಿ ಅವನ ಕಾಲರ್ ಸರಿಮಾಡಿದಳು. ಅದು ನೆಟ್ಟಗೇ ಇತ್ತು.

ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಊರಿನವರು ಚರ್ಚಿನ ಬಟ್ಟೆಯಲ್ಲೇ ಬಂದು ಕಲ್ಲು ಮತ್ತೆ ಕೂರಿಸಿದರು. ಯಾರೂ ಹೇಳಿಕಳುಹಿಸಿರಲಿಲ್ಲ. ಚಪ್ಪಡಿಗಳನ್ನು ಯಾವ ಕ್ರಮದಲ್ಲಿ ಇಡುವುದೆಂದು ಅಳತೆಪಟ್ಟಿ ಹಿಡಿದಿದ್ದ ಬಡಗಿ ತಲೆ ಕೆರೆದುಕೊಳ್ಳುತ್ತಿದ್ದಾಗ ಮುದುಕರು ಬಂದು ಬಂದು ಮೊಣಕೈ ಊರಿ, "ಇದು ನಂದು," "ಇದಲ್ಲ, ಪಕ್ಕದ್ದು," ಎಂದು ಹೇಳಿಕೊಟ್ಟರು. ಡೇಲ್ ಕೂಡ ಬಂದಿದ್ದ. "ಹೀಗೆ ಮಾಡಿದರೆ ಇದರ ಅಸಲಿತನವೇ ಹೋಯಿತಲ್ಲ ಮೇಡಂ," ಎಂದು ನಿಜವಾಗಿಯೂ ನೊಂದುಕೊಂಡ. ಆರ್ಲೀನ್ ಅವನಿಗೆ ಒಂದು ತುಂಡು ಸೇಬಿನ ಪೈ ಕೊಟ್ಟು ಎಲ್ಮರನ ಪಕ್ಕದಲ್ಲಿ ಕೂರಿಸಿದಳು. ಎಲ್ಮರ್ ಮಿಕ್ಕದ್ದನ್ನು ನೋಡಿಕೊಂಡ.

ಚೂರಾದ ಆರನೆಯ ಜಾಗಕ್ಕೆ ಎಲ್ಮರ್ ಹೊಸ ತುಂಡು ಕತ್ತರಿಸಿದ್ದ. ಅದು ಸಮತಟ್ಟಾಗಿ, ಶಾಲೆ ತೆರೆದ ದಿನದ ಸ್ಲೇಟಿನಂತೆ ಮಂದ ಕಪ್ಪಾಗಿತ್ತು.

"ಇದು ಯಾರದ್ದೂ ಅಲ್ಲ," ಎಂದ. "ನೀನೇ ಕೂತು ಸವೆಸು."

"ನನಗೆಲ್ಲಿ ಕೂರೋಕೆ ಪುರುಸೊತ್ತು? ಹೊಸಬರು ಕೂರ್ಲಿ."

ಅದೇ ರೂಢಿಯಾಯಿತು. ಮೊದಲ ಸಲ ಬಂದವರು, ಹಾದಿಹೋಕರು, ಊರಿಗೆ ವರ್ಗವಾಗಿ ಬಂದ ಮೇಷ್ಟ್ರು, ದಾರಿ ತಪ್ಪಿದ ಲಾರಿ ಡ್ರೈವರು, ಎಲ್ಲರನ್ನೂ ಅವಳು ಆರನೆಯ ಸ್ಟೂಲಿಗೆ ಕೂರಿಸುತ್ತಿದ್ದಳು. ಜನ ಒಬ್ಬೊಬ್ಬರಾಗಿ ಬಂಕಿನಿಂದ ಹಿಂದಿರುಗಿದರು. ಎಲ್ಲರೂ ಬರಲಿಲ್ಲ. ಕೆಲವರು ಬಂಕಿಗೇ ಒಗ್ಗಿಹೋಗಿದ್ದರು, ಆ ಚಳಿಗಾಲದಲ್ಲೇ ಇಬ್ಬರು ತೀರಿಕೊಂಡರು. ಆದರೆ ಡೈನರು ಉಳಿಯಲು ಬಂದವರೇ ಸಾಕಾದರು. ಅಮೆಡಿಯೋ ಮತ್ತೊಮ್ಮೆ ಬಂದು ಅಂಗೈ ಎಳೆದು ಕಾಫಿಗೆ ಹೇಳಿದ. ಮುಂದಿನ ವರ್ಷ ಅವನೂ ಹೋದ.

ಹದಿನಾಲ್ಕು ವರ್ಷ ಹೀಗೆ ಕಳೆಯಿತು. ಆರ್ಲೀನಳಿಗೆ ಸಕ್ಕರೆ ಕಾಯಿಲೆ ಬಂತು, ಕಾಲು ಊದುತ್ತಿತ್ತು. ಕೂತ್ಕೊಳ್ಳೇ ಎಂದರೆ ವಿನಿಫ್ರೆಡಳ ಮೇಲೆ ರೇಗುತ್ತಿದ್ದಳು. ಆ ಮಂಗಳವಾರ ಒಂಬತ್ತೂವರೆಗೆ ಬೆಳಗಿನ ಗದ್ದಲ ಇನ್ನೂ ಪೂರ್ತಿ ಇಳಿದಿರಲಿಲ್ಲ. ಅವಳು ಏಪ್ರನ್ ಬಿಚ್ಚಿ ಮೊಳೆಗೆ ಹಾಕಿ, ಕೌಂಟರಿನ ಹಲಗೆಬಾಗಿಲು ಎತ್ತಿ ಹೊರಗೆ ಬಂದಳು. ಖಾಲಿಯಿದ್ದ ಆರನೆಯ ಸ್ಟೂಲಿನ ಮೇಲೆ ಕೂತಳು.

"ಏನಮ್ಮಾ ಯಜಮಾನತಿ," ಎಂದ ಎಂಬತ್ತರ ಎಲ್ಮರ್ ಮೊದಲನೆಯ ಸ್ಟೂಲಿನಿಂದ, "ಕೊನೆಗೂ ಗಿರಾಕಿ ಆದ್ಯಾ? ಹುಷಾರು, ಇಲ್ಲಿ ಮೊಟ್ಟೆ ಕಾವಲಿಗೆ ಅಂಟುತ್ತೆ."

"ನಿನ್ನ ಬಾಯಿಗೆ ಅಂಟಬೇಕಿತ್ತು," ಎಂದಳು. "ಬರ್ನಡೆಟ್, ನನಗೊಂದು ಕಾಫಿ ಕೊಡೇ. ಕಾಲು ಸ್ವಲ್ಪ ನೋಯ್ತಿದೆ."

ಕಾಫಿ ಬಂತು. ಅವಳು ಮೊಣಕೈ ಎರಡನ್ನೂ ಕಲ್ಲಿನ ಮೇಲೆ ಊರಿದಳು. ತುಸು ಹೊತ್ತು ಹಾಗೇ ಇದ್ದು, ಮೊಣಕೈ ಎತ್ತಿ, ಆ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಮತ್ತೆ ಊರಿದಳು.

"ವಿನ್ನಿ, ಇಲ್ಲಿ ಕೈ ಇಡು."

ವಿನಿಫ್ರೆಡ್ ಇಟ್ಟಳು. ತಗ್ಗು ಎನ್ನುವಂಥದ್ದಲ್ಲ. ಕಣ್ಣಿಗೆ ಕಾಣುವಂಥದ್ದೂ ಅಲ್ಲ. ಆದರೆ ಕಲ್ಲು ಅಲ್ಲಿ ನುಣುಪಾಗಿ, ಒಂದು ಕೂದಲೆಳೆಯಷ್ಟು ಕೆಳಗಿಳಿದಿತ್ತು.

"ಎಷ್ಟು ಜನ ಕೂತಿರಬಹುದೇ?" ಎಂದಳು ಆರ್ಲೀನ್. ಕಾಫಿ ಅರ್ಧ ಕುಡಿದಳು.

ಹತ್ತಕ್ಕೆ ಇನ್ನೂ ಕೆಲವು ನಿಮಿಷ ಇದ್ದಾಗ ಬಾಗಿಲು ತೆರೆಯಿತು. ಮೂವತ್ತರ ಆಸುಪಾಸಿನ ಒಬ್ಬ ಗಂಡಸು, ಊರಿನವನಲ್ಲ, ಹೊರಗಿನ ತಂಪಿಗೆ ಕೈ ಉಜ್ಜಿಕೊಳ್ಳುತ್ತ ಒಳಗೆ ಬಂದ. ಎಲ್ಲ ಸ್ಟೂಲ್ ತುಂಬಿದ್ದನ್ನು ನೋಡಿ, "ಪರವಾಗಿಲ್ಲ, ಆಮೇಲೆ ಬರ್ತೀನಿ," ಎಂದು ತಿರುಗಿದ.

"ಎಲ್ಲಿಗೆ ಹೋಗ್ತೀಯಪ್ಪ? ಜಾಗ ಇದೆ ಬಾ," ಎಂದಳು ಆರ್ಲೀನ್, ಎದ್ದು ನಿಲ್ಲುತ್ತ.

"ನೀವು ಕೂತಿದ್ದೀರಲ್ಲ."

"ನಾನು ಕೆಲಸದೋಳು. ಬಾ ಬಾ, ಕಾಫಿ ಕುಡಿ. ಮೊಣಕೈ ಇಡು, ಸಂಕೋಚ ಬೇಡ."

ಅವಳು ತನ್ನ ಕಪ್ಪನ್ನು ಆಚೆ ಸರಿಸಿ, ಅಂಗೈಯಿಂದಲೇ ಕಲ್ಲನ್ನು ಒರೆಸಿ, ಸ್ಟೂಲನ್ನು ಅವನ ಕಡೆಗೆ ತಿರುಗಿಸಿದಳು. ಅವನು ಕೂತ. ಕೋಟಿನ ಒಳಗಿನ ಅಂಗಿಯ ಕಾಲರ್ ಹಿಂದುಗಡೆ ಅರ್ಧ ಒಳಕ್ಕೆ ಮಡಚಿಕೊಂಡಿತ್ತು. ಆರ್ಲೀನ್ ಎರಡು ಬೆರಳಿನಿಂದ ಅದನ್ನು ಹೊರಗೆಳೆದು, ಮಡಿಕೆ ಸರಿಮಾಡಿ, ಹೆಬ್ಬೆರಳಿನಿಂದ ಒಮ್ಮೆ ಒತ್ತಿ ಕೂರಿಸಿದಳು.